ನೆಂಟನ ಮುಖದ ಪದ

ಅಗ್ಲಾಯಾ ಬಗ್ಗೆ ಒಳ್ಳೆಯ ಮಾತು ಬೇಕಿದ್ದರೆ ನಮ್ಮ ಬರ್ಲಾಡ್ ಊರಿನಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ. ನನ್ನನ್ನು ಮಾತ್ರ ಕೇಳಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಂಡು ಆಗಿದೆ, ಇನ್ನು ನನಗೇನು ಭಯ? ಹೇಳುತ್ತೇನೆ.

ನಾನು ಪ್ರೊಫಿರಾ. ಇಂಗ್ಲೆಂಡಿನವರು ಇಲ್ಲಿ ನಡೆಸುವ ಬೂಟಿನ ಕಾರ್ಖಾನೆಯಲ್ಲಿ ನಾನೂ ಅಗ್ಲಾಯಾಳೂ ಹನ್ನೊಂದು ವರ್ಷ ಅಕ್ಕಪಕ್ಕದಲ್ಲಿ ದುಡಿದೆವು. ಅವಳು ಚರ್ಮ ಹೊಲಿಯುತ್ತಿದ್ದಳು, ನಾನು ಪ್ರೆಸ್ಸಿನಲ್ಲಿ ಅಟ್ಟೆ ಒತ್ತುತ್ತಿದ್ದೆ. ಎಂಟನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಆದರೂ ಯಾವ ಮೇಷ್ಟರ ಹಂಗೂ ಇಲ್ಲದೆ ಇಂಗ್ಲಿಷ್ ಕಲಿತಳು. ಅದನ್ನು ಇಲ್ಲವೆನ್ನಲು ನನಗೂ ಬಾಯಿ ಬರುವುದಿಲ್ಲ.

ಅವಳ ಬಳಿ ಚೌಕುಳಿ ಹಾಳೆಯ ನೋಟುಬುಕ್ಕೊಂದಿತ್ತು. ಎಡಕ್ಕೆ ಪದ, ನಡುವೆ ಅರ್ಥ, ಬಲಕ್ಕೆ ಉದಾಹರಣೆ. ಉದಾಹರಣೆಗಳಿಗೆಲ್ಲ ನಾವೇ ಸರಕು. ‘ಸ್ಟಬರ್ನ್’ ಎಂದರೆ ಹೇಳಿದ್ದು ಕೇಳದವನು; ಉದಾಹರಣೆ, ಮೇಸ್ತ್ರಿ ಟೊಡೆರಾಷ್ ಕತ್ತೆಗಿಂತ ಸ್ಟಬರ್ನ್. ‘ಅಂಡರ್ ದಿ ವೆದರ್’ ಎಂದರೆ ಮೈ ಹುಷಾರಿಲ್ಲ; ಉದಾಹರಣೆ, ಪ್ರೊಫಿರಾಳ ಗಂಡ ಪ್ರತಿ ಸೋಮವಾರ ಅಂಡರ್ ದಿ ವೆದರ್. ಊಟದ ಬಿಡುವಿನಲ್ಲಿ ಬೋರ್ಷ್ ಸಾರು ಕುಡಿಯುತ್ತ ಅವಳು ಓದುವುದು, ನಾವು ಹೊಟ್ಟೆ ಹಿಡಿದುಕೊಂಡು ನಗುವುದು. ಇಂಗ್ಲಿಷಿನಲ್ಲಿ ಯಾವ ಕಾಗದ ಬಂದರೂ ಇಡೀ ಕಾರ್ಖಾನೆ ಅವಳ ಮುಂದೆ ಸಾಲು ನಿಲ್ಲುತ್ತಿತ್ತು.

ಒಂದು ಬಗೆಯ ಪದಗಳಿಗೆ ಮಾತ್ರ ಅವಳು ಅರ್ಥ ಬರೆಯುತ್ತಿರಲಿಲ್ಲ. ನಮ್ಮ ಮಾತು ಲ್ಯಾಟಿನ್ ಮನೆತನದ್ದು, ಇಂಗ್ಲಿಷಿನಲ್ಲೂ ಆ ಮನೆಯ ಪದಗಳು ರಾಶಿ ಇವೆ. ನಮ್ಮ ಪದದಂತೆ ಕಂಡ ಇಂಗ್ಲಿಷ್ ಪದಕ್ಕೆ ಅವಳು ನಿಘಂಟು ತೆಗೆದದ್ದೇ ಇಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದೆ.

“ಮುಖ ನೋಡಿದ್ರೆ ಗೊತ್ತಾಗಲ್ವಾ ನೆಂಟ್ರು ಅಂತ?” ಎಂದಳು. “ಮನೆಗೆ ಬಂದ ನೆಂಟರ ಹತ್ರ ಗುರುತಿನ ಚೀಟಿ ಕೇಳ್ತಾರೇನೇ?”

ನಾನೂ ನಕ್ಕೆ. ಎಂಥ ಬುದ್ಧಿವಂತೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಹನ್ನೊಂದನೆಯ ವರ್ಷ, ಈಸ್ಟರಿಗೆ ಎರಡು ವಾರ ಇರುವಾಗ, ಕೆಲಸ ಮೈಮೇಲೆ ಬಿತ್ತು. ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ ಇರುತ್ತದೆ. ಅದಿದ್ದರೆ ಕೆಲಸ ನಿಧಾನವೆಂದು ಟೊಡೆರಾಷ್ ಬಿಚ್ಚಿಸಿದ. ಮೂರನೆಯ ದಿನ ನನ್ನ ಬಲಗೈಯ ಎರಡು ಬೆರಳು ಹೋದವು. ನಾನು ಆಸ್ಪತ್ರೆಯಲ್ಲಿ ಬಿದ್ದಿರುವಾಗ, ಜಾಲರಿ ಬಿಚ್ಚಿದವಳು ನಾನೇ ಎಂದು ಅವನು ಕಾರ್ಖಾನೆಯ ಅಪಘಾತದ ಪುಸ್ತಕದಲ್ಲಿ ಬರೆದಿಟ್ಟ. ನನ್ನ ಜಾಗಕ್ಕೆ ಕಟಿಂಕಾ ಎಂಬ ಹುಡುಗಿಯನ್ನು ಕೂರಿಸಿದ. ಜಾಲರಿ ಮಾತ್ರ ಮೂಲೆಯಲ್ಲೇ ಬಿದ್ದಿತ್ತು.

ನನಗೆ ಬೇಕಾದದ್ದು ಎರಡೇ. ಜಾಲರಿ ಮತ್ತೆ ಹಾಕಿಸಬೇಕು, ಬಿಚ್ಚಿದ್ದು ನಾನಲ್ಲ ಎಂದು ಬರೆದುಕೊಡಬೇಕು. ಇಲ್ಲಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ, ಹಾಗಾಗಿ ಇಂಗ್ಲೆಂಡಿನ ಮುಖ್ಯ ಕಛೇರಿಗೆ ದೂರು ಕಳಿಸೋಣ ಎಂದೆವು. ನಾನು ಹೇಳಿದೆ, ಅಗ್ಲಾಯಾ ಬರೆದಳು. ‘ಟೊಡೆರಾಷನೇ ಬಿಚ್ಚಿಸಿದನೆಂದು ನಾನು ಪ್ರೆತಿಂದ್’ ಎಂದೆ. ನಮ್ಮ ಮಾತಿನಲ್ಲಿ ಪ್ರೆತಿಂದ್ ಎಂದರೆ, ಇದು ಹೀಗೇ ಎಂದು ಪಟ್ಟುಹಿಡಿದು ಹೇಳುತ್ತೇನೆ ಎಂದು. ಇಂಗ್ಲಿಷಿನಲ್ಲಿ ‘ಪ್ರಿಟೆಂಡ್’ ಇದೆಯಲ್ಲ, ಅಚ್ಚು ನೆಂಟನ ಮುಖ! ಅದನ್ನೇ ಬರೆದಳು.

ಆರು ವಾರದ ಮೇಲೆ ಇಂಗ್ಲೆಂಡಿನಿಂದ ಅಧಿಕಾರಿಯೊಬ್ಬ ವಿಚಾರಣೆಗೆ ಬಂದ. ಮೇಜಿನ ಆ ಬದಿಗೆ ಅವನು ಮತ್ತು ಟೊಡೆರಾಷ್, ಈ ಬದಿಗೆ ನಾನು, ನಡುವೆ ಮಾತು ತಿರುಗಿಸಲು ಅಗ್ಲಾಯಾ. ಅವನು ನಮ್ಮ ಕಾಗದದ ಒಂದು ಸಾಲಿನ ಮೇಲೆ ಪೆನ್ನಿಟ್ಟು, ನನ್ನ ಮುಖ ನೋಡಿ, “ಯು ಪ್ರಿಟೆಂಡ್?” ಎಂದ. ಅಗ್ಲಾಯಾ ಬಾಯಿ ತೆರೆಯುವವರೆಗೆ ನಾನೇಕೆ ಕಾಯಲಿ? ನಮ್ಮದೇ ಪದ ತಾನೆ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿ ಎದ್ದು ನಿಂತೆ.

“ಹೌದು, ಪ್ರೆತಿಂದ್. ದೇವರ ಮುಂದೆ ನಿಲ್ಸಿದ್ರೂ ಪ್ರೆತಿಂದ್.”

ಅವನು ಅಗ್ಲಾಯಾಳ ಕಡೆ ತಿರುಗಿದ. ಅವಳು ಮೇಜು ನೋಡುತ್ತ “ಯೆಸ್” ಎಂದಳು. ಅಷ್ಟೇ. ಅವನು ಪೆನ್ನಿನ ಮುಚ್ಚಳ ಹಾಕಿದ.

ಮರುವಾರ ಸುಳ್ಳು ದೂರು ಕೊಟ್ಟಳೆಂದು ನನ್ನನ್ನು ಕೆಲಸದಿಂದ ತೆಗೆದರು. ತಾನೇ ಒಪ್ಪಿಕೊಂಡಳು ಎಂದು ಟೊಡೆರಾಷ್ ಊರೆಲ್ಲ ಸಾರಿದ. ಏನು ಒಪ್ಪಿಕೊಂಡೆ ಎಂದು ನನಗೆ ಮಾತ್ರ ತಿಳಿಯಲಿಲ್ಲ. ಸಂತೆಯಲ್ಲಿ ಹೆಂಗಸರು ನನ್ನ ಕೈ ನೋಡಿ, ಮುಖ ನೋಡಿ, ಮಾತು ನಿಲ್ಲಿಸುತ್ತಿದ್ದರು. ಅದೇ ತಿಂಗಳು ಅಗ್ಲಾಯಾಳಿಗೆ ಮಹಡಿಯ ಮೇಲಿನ ಕಛೇರಿಯಲ್ಲಿ ಭಾಷಾಂತರದ ಕೆಲಸ ಸಿಕ್ಕಿತು. ನಾನು ಒಂದೂವರೆ ಕೈಯಲ್ಲಿ ಹಿಟ್ಟು ನಾದಿ, ಗಿಣ್ಣು ತುಂಬಿದ ಪ್ಲಾಚಿಂತಾ ಬೇಯಿಸಿಕೊಂಡು ಹೋಗಿ ಅವಳಿಗೆ ಕೊಟ್ಟು ಬಂದೆ.

ಎರಡು ವರ್ಷ ಕಳೆಯಿತು. ನನ್ನಕ್ಕನ ಮಗಳು ರುಕ್ಸಾಂದ್ರಾ ದಾದಿಯ ಕೆಲಸಕ್ಕೆ ಹೊರದೇಶಕ್ಕೆ ಹೋಗಬೇಕೆಂದು ಅಗ್ಲಾಯಾ ಸಂಜೆ ನಡೆಸುವ ಪಾಠಕ್ಕೆ ಸೇರಿದಳು. ಒಂದು ದಿನ ನಮ್ಮ ಮನೆಯಲ್ಲಿ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಪ್ರಿಟೆಂಡ್ ಎಂದರೆ ಇಲ್ಲದ್ದನ್ನು ಇದೆಯೆಂದು ನಟಿಸು. ಉದಾಹರಣೆ, ಮಗು ನಿದ್ದೆ ಬಂದಂತೆ ನಟಿಸಿತು. ಯಾವ ಪದ, ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಪದದ ಮುಂದೆ ಟೀಚರು ನಕ್ಷತ್ರ ಹಾಕಿಸಿದ್ದಾರೆ, ನಮ್ಮವರು ಎಡವುವುದು ಇಂಥ ಪದದಲ್ಲೇ ಅಂತೆ ಎಂದೂ ಹೇಳಿದಳು.

ಶಾಲು ಕೂಡ ಹೊದೆಯದೆ ಅಗ್ಲಾಯಾ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ನಿನಗೆ ಯಾವಾಗ ಗೊತ್ತಾಯಿತು ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ. ವಿಚಾರಣೆಯ ಹಿಂದಿನ ದಿನ ಎಂದಳು. ಭಾಷಾಂತರಕ್ಕೆಂದು ಅವಳ ಕೈಗೆ ಕೊಟ್ಟ ನಮ್ಮ ಕಾಗದದಲ್ಲಿ ಇಂಗ್ಲೆಂಡಿನವರು ಆ ಸಾಲಿಗೆ ಕೆಂಪು ಗೆರೆ ಎಳೆದಿದ್ದನ್ನು ನೋಡಿ ಅನುಮಾನ ಬಂದು ನಿಘಂಟು ತೆಗೆದಳಂತೆ.

“ಅವನು ಕೇಳ್ದಾಗ, ಪದ ನಂದು, ತಪ್ಪು ನಂದು ಅನ್ನೋಕೆ ಏನಾಗಿತ್ತೇ ನಿಂಗೆ?”

“ಅವತ್ತು ಬೆಳಿಗ್ಗೆಯಷ್ಟೇ ಆಫೀಸಿಗೆ ತಗೋತೀವಿ ಅಂದಿದ್ರು, ಪ್ರೊಫಿರಾ. ನನ್ನ ಇಂಗ್ಲಿಷೇ ತಪ್ಪು ಅಂತ ನಾನೇ ಹೇಳ್ಕೊಳ್ಲಾ?” ಎಂದಳು. “ಹೇಳಿದ್ರೂ ನಿನ್ನ ಬೆರಳೇನು ವಾಪಸ್ ಬರ್ತಿತ್ತಾ?”

“ನಾನು ಬೆರಳು ಕೇಳಿರ್ಲಿಲ್ಲ ಕಣೇ. ಜಾಲರಿ ಕೇಳಿದ್ದೆ.”

ಅವಳು ಅತ್ತಳು. ಅಳಲಿ ಎಂದು ಬಂದೆ.

ಹೋದ ಶರತ್ಕಾಲದಲ್ಲಿ ಅದೇ ಪ್ರೆಸ್ಸಿಗೆ ಕಟಿಂಕಾಳ ಇಡೀ ಅಂಗೈ ಹೋಯಿತು. ಇಪ್ಪತ್ಮೂರು ವರ್ಷ ಅವಳಿಗೆ. ಅವಳ ತಾಯಿ ಕಾರ್ಖಾನೆಯವರು ಕೊಟ್ಟ ಇಂಗ್ಲಿಷ್ ವರದಿಯನ್ನು ನನ್ನಲ್ಲಿಗೆ ಹಿಡಿದುಕೊಂಡು ಬಂದಳು. ರುಕ್ಸಾಂದ್ರಾ ಓದಿ ಹೇಳಿದಳು. ಜಾಲರಿ ಬಿಚ್ಚಿದವಳು ಕಟಿಂಕಾಳೇ ಎಂದಿತ್ತು. ಕೆಳಗೆ ಭಾಷಾಂತರ ಮಾಡಿದವಳೆಂದು ಅಗ್ಲಾಯಾ ಸಹಿ ಹಾಕಿದ್ದಳು.

ಈ ಸಲವೂ ಎಲ್ಲಾದರೂ ಒಂದು ಪದ ತಪ್ಪಿದೆಯೇನೋ ನೋಡು ಎಂದು ನಾನು ರುಕ್ಸಾಂದ್ರಾಳ ಕೈಕಾಲು ಹಿಡಿಯುವುದೊಂದು ಬಾಕಿ. ಅವಳು ಬೆರಳಿಟ್ಟು ಎರಡು ಸಲ ಓದಿದಳು.

“ಒಂದೂ ಇಲ್ಲ ಚಿಕ್ಕಮ್ಮ,” ಎಂದಳು. “ಎಲ್ಲಾ ಸರಿಯಾಗಿ ಬರ್ದಿದ್ದಾರೆ.”