ಹಿಟ್ಟಿನ ಮೇಲೆ ಬರೆದವಳು

ಕಿವಿಗೊಡಿರಿ, ಪ್ರಿಯರೇ. ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು, ನಿಕರಾಗುವಾದ ಮೂಡಣ ಕರಾವಳಿಯ ಪರ್ಲ್ ಲಗೂನ್ ಎಂಬ ಊರಿನಲ್ಲಿ ರೊಟ್ಟಿ ಸುಡುವ ಮಿಸ್ ವರ್ಡೆಲ್ ಟಿಂಕಮ್ ಎಂಬಾಕೆಯ ಕಥೆಯನ್ನು ಕೇಳಿರಿ. ಆಕೆ ಪ್ರವಾದಿನಿಯಲ್ಲ, ಪಂಡಿತೆಯೂ ಅಲ್ಲ. ಆದರೆ ದೇವರ ಮುಂದೆ ಬಾಯಿ ಕಟ್ಟಿಹೋದವರು ಮತ್ತೆ ಮಾತನ್ನು ಎಲ್ಲಿ ಹುಡುಕಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಮೊದಲು ಆಕೆಯ ಒಲೆಯ ಕಡೆಗೆ ಕೈ ತೋರಿಸುತ್ತೇನೆ.

ಆ ಒಲೆ ಇರುವುದು ಹಿನ್ನೀರಿನ ದಂಡೆಯಲ್ಲಿ, ದೋಣಿಗಟ್ಟೆಯಿಂದ ತುಸು ಮೇಲೆ. ಬ್ಲೂಫೀಲ್ಡ್ಸ್ ಪಟ್ಟಣದಿಂದ ಬರುವ ದೋಣಿಯವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಆಕೆಯ ತೆಂಗಿನಹಾಲಿನ ರೊಟ್ಟಿಯ ಪರಿಮಳ ಮೂಗಿಗೆ ಬೀಳುತ್ತದೆ. ನಮ್ಮಲ್ಲಿ ಮದುವೆಯಾದ ಹೆಂಗಸರನ್ನೂ ಮಿಸ್ ಎಂದೇ ಕರೆಯುತ್ತೇವೆ. ಗಂಡ ಆಲ್ಡ್ರಿಕ್ ದೋಣಿ ಕಟ್ಟುವ ಬಡಗಿ. ಆಕೆ ಹಿಟ್ಟು ನಾದುವ ಅಗಲವಾದ ಮಣೆಯನ್ನು ಒಂದೇ ಹಲಗೆಯಿಂದ ಕೆತ್ತಿ ಮದುವೆಯ ವರ್ಷ ಅವನೇ ಕೊಟ್ಟಿದ್ದ. ಹಾಡುವವನು, ನಗಿಸುವವನು, ಸಕ್ಕರೆ ಕಾಯಿಲೆಯವನು. ಸಿಹಿ ಬಿಡಬೇಕೆಂದು ವೈದ್ಯರು ಹೇಳಿದರು. ಬಿಟ್ಟೆನೆಂದು ಅವನೂ ಹೇಳಿದ. ಆದರೆ ಆರಲು ಇಟ್ಟ ಬನ್ನಿನ ತಟ್ಟೆಯ ಪಕ್ಕದಲ್ಲಿ ಅವನು ಒಮ್ಮೆ ಹಾದುಹೋದನೆಂದರೆ ಅಂಚಿನಲ್ಲಿ ಎರಡು ಜಾಗ ಖಾಲಿಯಾಗಿರುತ್ತಿದ್ದವು.

ವರ್ಡೆಲ್ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಅವನು ಮೀಸೆಗೆ ಅಂಟಿದ ಸಕ್ಕರೆಯನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ, "ಇಲಿ ಕಾಟ ಜಾಸ್ತಿಯಾಗಿದೆ ಕಣೇ, ಒಂದು ಬೆಕ್ಕು ಸಾಕು" ಎನ್ನುತ್ತಿದ್ದ. ಕೊನೆಗೆ ಉಳಿ ತಗುಲಿ ಕಾಲಿಗಾದ ಸಣ್ಣ ಗಾಯ ಮಾಯಲಿಲ್ಲ. ಪಾದ ಕಪ್ಪಿಟ್ಟಿತು. ಆ ವರ್ಷದ ಮಳೆ ನಿಲ್ಲುವುದರೊಳಗೆ ನಾವು ಅವನನ್ನು ಮಣ್ಣಿಗಿಟ್ಟೆವು.

ನಮ್ಮ ಮೊರೇವಿಯನ್ ಕ್ರೈಸ್ತ ಸಭೆಯಲ್ಲಿ ಒಂದು ಹಳೆಯ ಪದ್ಧತಿಯುಂಟು. ತೀರಿಕೊಂಡವರ ಜೀವನ ವೃತ್ತಾಂತವನ್ನು ಬರೆದು, ಶವಪೆಟ್ಟಿಗೆಯ ಮುಂದೆ ನಿಂತು, ಸಭೆಯೆಲ್ಲ ಕೇಳುವಂತೆ ಓದುತ್ತೇವೆ. ಕೆಲವರು ಬದುಕಿರುವಾಗಲೇ ತಮ್ಮದನ್ನು ತಾವೇ ಬರೆದಿಡುತ್ತಾರೆ. ಆಲ್ಡ್ರಿಕ್ ಬರೆದಿಟ್ಟಿರಲಿಲ್ಲ. ಆದ್ದರಿಂದ ಸಭೆಯ ಹಿರಿಯರಾದ ಬ್ರದರ್ ಡೌನ್ಸ್ ಕನ್ನಡಕ ಏರಿಸಿಕೊಂಡು ವರ್ಡೆಲ್‌ಳ ಪಕ್ಕದಲ್ಲಿ ಕುಳಿತರು. ಹುಟ್ಟಿದ ಊರು, ದೀಕ್ಷಾಸ್ನಾನ, ಕಟ್ಟಿದ ದೋಣಿಗಳು, ಎಲ್ಲವೂ ಮುಗಿದ ಮೇಲೆ ಅವನ ನಡತೆಯ ಬಗ್ಗೆ ಏನು ಬರೆಯಲಿ ಎಂದು ಕೇಳಿದರು. ಆಕೆ ಹೇಳಿದಳು: "ಎಲ್ಲದ್ರಲ್ಲೂ ಮಿತವಾಗಿದ್ದ ಅಂತ ಬರೀರಿ."

ಹಾಗೆಯೇ ಬರೆದರು, ಹಾಗೆಯೇ ಓದಿದರು. ಮೀಸೆಯ ಸಕ್ಕರೆಯನ್ನು ಕಂಡಿದ್ದ ನಾವೆಲ್ಲರೂ ತಲೆಯಾಡಿಸಿದೆವು.

ಅಂದಿನಿಂದ ವರ್ಡೆಲ್‌ಳ ಪ್ರಾರ್ಥನೆ ಬತ್ತಿಹೋಯಿತು. ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದುದು ಬಾಯಿಪಾಠ ಮಾತ್ರ. ನಮ್ಮ ಪ್ರೇಮಭೋಜನದಲ್ಲಿ ಸಭೆಯವರೆಲ್ಲ ಒಟ್ಟಿಗೆ ಕುಳಿತು, ಹಾಡುಗಳ ನಡುವೆ, ಒಂದೇ ಬಗೆಯ ಬನ್ನು ತಿಂದು ಕಾಫಿ ಕುಡಿಯುತ್ತೇವೆ. ಯಾರ ಮೇಲಾದರೂ ಮುನಿಸಿದ್ದರೆ ಅದನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ಆ ಬನ್ನುಗಳನ್ನು ಸುಡುವುದು ತಲೆಮಾರುಗಳಿಂದ ವರ್ಡೆಲ್‌ಳ ಮನೆತನದ ಸೇವೆ. ಆ ಕ್ರಿಸ್ಮಸ್ಸಿಗೂ ಆಕೆಯೇ ಸುಟ್ಟಳು. ಆದರೆ ತನ್ನ ಪಾಲಿನದನ್ನು ಬಾಯಿಗಿಡದೆ ಮಡಿಲಿಗೆ ಸೇರಿಸಿದಳು. ಪಾಸ್ಟರ್ ಕಾಲ್ವರ್ಟ್ ಅದನ್ನು ನೋಡಿ ನೋಡದಂತಿದ್ದರು.

ಮೇ ತಿಂಗಳಲ್ಲಿ ಆಕೆಯೇ ಅವರ ಮನೆಗೆ ಹೋದಳು. "ಪಾಸ್ಟರೇ, ಆಗಸ್ಟ್ ತಿಂಗಳ ಪ್ರೇಮಭೋಜನದ ಬನ್ನು ಬೇರೆ ಯಾರ ಕೈಲಾದ್ರೂ ಮಾಡಿಸಿ. ನಾನು ತಿನ್ನಕಾಗ್ದೇ ಇರೋದನ್ನ ಸಭೆಗೆ ಹೆಂಗೆ ತಿನ್ನಿಸ್ಲಿ?"

ಯಾಕೆಂದು ಪಾಸ್ಟರ್ ಕೇಳಿದರು. ಆಕೆಗೆ ಹೇಳಲಾಗಲಿಲ್ಲ. ಅವರೂ ಒತ್ತಾಯಿಸಲಿಲ್ಲ. "ನನಗೆ ಹೇಳಬೇಕಾಗಿಲ್ಲ, ದೇವರಿಗೆ ಬರೆಯಿರಿ. ದಿನಕ್ಕೊಂದಿಷ್ಟು ಬರೆಯುತ್ತ ಹೋಗಿ, ಆಗಸ್ಟ್ ಬರಲಿ, ಆಮೇಲೆ ನೋಡೋಣ" ಎಂದರು. ತಾವು ಪ್ರತಿದಿನ ಓದುವ ಬೈಬಲ್ ವಚನದ ಪಕ್ಕದ ಖಾಲಿ ಜಾಗದಲ್ಲಿ ಒಂದೊಂದು ಸಾಲು ಬರೆದುಕೊಳ್ಳುವುದನ್ನು ತೋರಿಸಿದರು. ವರ್ಡೆಲ್ ಹಾಗೇ ಮಾಡಲು ಕುಳಿತಳು. ಆದರೆ ದೇವರ ಮಾತಿನ ಪಕ್ಕದಲ್ಲಿ ತನ್ನ ಮಾತನ್ನಿಡುವುದು ರಾಜನ ಪಂಕ್ತಿಯಲ್ಲಿ ಒದ್ದೆ ಅಂಗಿ ತೊಟ್ಟು ಕುಳಿತಂತೆ ತೋರಿತು. ಲೇಖನಿ ಮುಚ್ಚಿದಳು.

ತಂಗಿಯ ಮಗಳು ಜುರೆನ್ ಬ್ಲೂಫೀಲ್ಡ್ಸಿನಲ್ಲಿ ಓದುವವಳು. ವಿಷಯ ತಿಳಿದು ರಟ್ಟು ಹಾಕಿದ ಚೆಂದದ ಡೈರಿಯೊಂದನ್ನು ತಂದುಕೊಟ್ಟಳು. ಇದರಲ್ಲಿ ವರ್ಡೆಲ್‌ಳ ಕೈ ಓಡಿತು. ಸಂಜೆ ಒಲೆ ಆರಿದ ಮೇಲೆ ಪುಟಗಟ್ಟಲೆ ಬರೆದಳು. ಆದರೆ ಎದೆಯ ಭಾರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಕಡೆಗೆ ಬೇಸತ್ತು, ಎಲ್ಲಿ ತಪ್ಪುತ್ತಿದ್ದೇನೆ ನೋಡು ಎಂದು ಡೈರಿಯನ್ನು ಜುರೆನ್‌ಳ ಕೈಗೇ ಕೊಟ್ಟಳು. ಹುಡುಗಿ ನಾಲ್ಕು ಪುಟ ಓದಿ, ನಗು ತಡೆದುಕೊಂಡು ಕೇಳಿದಳು:

"ದೊಡ್ಡಮ್ಮ, ಇದನ್ನ ಬರೆಯುವಾಗ ಯಾರು ಓದ್ತಿದಾರೆ ಅಂತ ಅಂದ್ಕೊಂಡಿದ್ದೆ?"

"ಯಾರೂ ಇಲ್ಲ."

"ಸುಳ್ಳು. ಬ್ರದರ್ ಡೌನ್ಸ್ ಓದ್ತಿದಾರೆ. ಕನ್ನಡಕ ಹಾಕ್ಕೊಂಡು, ಪೆಟ್ಟಿಗೆ ಮುಂದೆ ನಿಂತ್ಕೊಂಡು. 'ಇಂದು ತಾಳ್ಮೆಯಿಂದ ನನ್ನ ಕರ್ತವ್ಯವನ್ನು ನೆರವೇರಿಸಿದೆನು.' ಇದು ಡೈರಿ ಅಲ್ಲ ದೊಡ್ಡಮ್ಮ, ನಿನ್ನ ಸಾವಿಗೆ ಈಗ್ಲೇ ಬರೆದಿಟ್ಟ ವೃತ್ತಾಂತ."

ಮಾತು ನೇರವಾಗಿ ನಾಟಿತು. ಹುಟ್ಟಿದಾಗಿನಿಂದ ಆಕೆ ಕೇಳಿದ ಬದುಕುಗಳೆಲ್ಲ ಭಾನುವಾರದ ಉಡುಪು ತೊಟ್ಟ ಬದುಕುಗಳು. ಕೈಗೆ ಲೇಖನಿ ಬಂತೆಂದರೆ ಆಕೆಯ ಮಾತುಗಳೂ ತಾವಾಗಿಯೇ ಗಂಜಿ ಹಾಕಿಸಿಕೊಂಡು, ಇಸ್ತ್ರಿಯಾಗಿ ಸಾಲು ನಿಲ್ಲುತ್ತಿದ್ದವು. ಕಾಗದದ ಮೇಲೆ ಉಳಿದದ್ದೆಲ್ಲ ಒಂದು ದಿನ ಸಭೆಯ ಮುಂದೆ ಬರುತ್ತದೆಂಬ ಅಂಜಿಕೆ ಬೆರಳಿನ ಗೆಣ್ಣಿನಲ್ಲೇ ಇತ್ತು. ನಾವು ಮೊರೇವಿಯನ್ನರು ಮಾತ್ರ ಮಾಡಬಹುದಾದ ತಪ್ಪು ಇದು ಎಂದು ನಾನು ನಗುತ್ತ ಹೇಳುವುದುಂಟು. ನನ್ನ ದಿನಚರಿಯಲ್ಲೂ ಇಂಥ ಗಂಜಿ ಬೇಕಾದಷ್ಟಿದೆ.

ಪಕ್ಕದ ಮನೆಯ ಮುದುಕಿ ಮಿಸ್ ಎರ್ಲಿನ್ ತನ್ನ ದಾರಿಯನ್ನು ಹೇಳಿಕೊಟ್ಟಳು. ಆಕೆ ದಿನವೂ ದೇವರು ಕೊಟ್ಟದ್ದನ್ನು ಒಂದೊಂದಾಗಿ ಬರೆದು ಸ್ತೋತ್ರ ಸಲ್ಲಿಸುವವಳು. ಬರೆದು ಮುಗಿಸುವಾಗ ಮುಖ ಬೆಳಗಿರುತ್ತದೆ. ವರ್ಡೆಲ್ ಕೂಡ ಬರೆದಳು. ಹಿಟ್ಟಿಗೆ ಸ್ತೋತ್ರ, ಸೌದೆಗೆ ಸ್ತೋತ್ರ, ತೆಂಗಿನಕಾಯಿಗೆ ಸ್ತೋತ್ರ. ವಾರ ಕಳೆಯುವಷ್ಟರಲ್ಲಿ ಅದು ಅಂಗಡಿಗೆ ಕಳಿಸುವ ಚೀಟಿಯಂತಾಯಿತು. ಜುರೆನ್ ತನ್ನಂತೆ ಫೋನಿಗೆ ಮಾತನಾಡಿ ಧ್ವನಿಯನ್ನು ಅದರಲ್ಲೇ ಮುದ್ರಿಸಿಟ್ಟುಕೋ ಎಂದಳು. ಆ ಫೋನಿಗೆ ಆಕೆ ಮಾತನಾಡಿದ್ದು ಬೇಲಿಯಾಚೆಗೂ ಕೇಳಿ, "ಯಾರ ಜೊತೆ ಜಗಳ, ವರ್ಡೆಲ್?" ಎಂದು ಎರ್ಲಿನ್ ಕೂಗಿ ವಿಚಾರಿಸಿದಳು. ಅಲ್ಲಿಗೆ ಅದೂ ಮುಗಿಯಿತು.

ಪ್ರಿಯರೇ, ಆ ದಾರಿಗಳಲ್ಲಿ ಒಂದನ್ನೂ ನಾನು ಹೀಗಳೆಯುವುದಿಲ್ಲ. ಪಾಸ್ಟರಿಗೆ ಅಂಚಿನ ಒಂದು ಸಾಲು ಸಾಕು, ಎರ್ಲಿನ್‌ಗೆ ಸ್ತೋತ್ರವೇ ಉಸಿರು, ಜುರೆನ್‌ಗೆ ಅವಳ ಫೋನು. ಇನ್ನೊಬ್ಬರ ಚಪ್ಪಲಿ ಎಷ್ಟೇ ಗಟ್ಟಿಯಾಗಿದ್ದರೂ ನಮ್ಮ ಕಾಲಿಗೆ ಕಚ್ಚಬಹುದು.

ಜುಲೈ ತಿಂಗಳ ಒಂದು ಬೆಳಗ್ಗೆ ಹೊರಗೆ ಮಳೆ ಹೊಯ್ಯುತ್ತಿತ್ತು. ವರ್ಡೆಲ್ ಮಣೆಯ ಮೇಲೆ ಒಣಹಿಟ್ಟು ಉದುರಿಸಿ, ಉಬ್ಬಿದ ಕಣಕವನ್ನು ಬನ್ನಿಗೆಂದು ಉಂಡೆ ಕಟ್ಟುತ್ತಿದ್ದಳು. ತಟ್ಟೆಯ ಮೂಲೆಯಲ್ಲಿ, ಸಾಲಿಗೆ ಸೇರದೆ, ಎರಡು ಉಂಡೆಗಳು ಉಳಿದಿದ್ದವು. ಅಂಗಡಿಯವರು ಕೇಳಿದ್ದಕ್ಕಿಂತ ಎರಡು ಹೆಚ್ಚು. ತಿನ್ನುವವನು ಸತ್ತರೂ ಕೈ ತನ್ನ ರೂಢಿಯನ್ನು ಬಿಟ್ಟಿರಲಿಲ್ಲ.

ಆಕೆ ಆ ಎರಡನ್ನು ನೋಡುತ್ತ ನಿಂತಳು. ಆಮೇಲೆ, ತಾನು ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಮಣೆಯ ಮೇಲಿನ ಬಿಳಿ ಹಿಟ್ಟಿನಲ್ಲಿ ತೋರುಬೆರಳಿನಿಂದ ಬರೆದಳು: ಕಳ್ಳ.

ಬರೆದವಳೇ ಬೆಚ್ಚಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ರೊಟ್ಟಿಯ ಕಣಕವನ್ನು ಅದರ ಮೇಲೆಯೇ ಒಗೆದು ನಾದಿದಳು. ಅಕ್ಷರ ರೊಟ್ಟಿಯೊಳಗೆ ಹೋಯಿತು. ಅಂದು ರೊಟ್ಟಿ ಎಂದಿನಂತೆಯೇ ಉಬ್ಬಿತು, ಎಂದಿನಂತೆಯೇ ಮಾರಾಟವಾಯಿತು. ಕಹಿಯೆಂದು ಒಬ್ಬರೂ ದೂರಲಿಲ್ಲ. ತಿಂಗಳುಗಳಿಂದ ಬಿಗಿದಿದ್ದ ಎದೆಯಲ್ಲಿ ಒಂದು ಗುಂಡಿ ಬಿಚ್ಚಿದಂತಾಯಿತು.

ಮರುದಿನ ಬೆಳಗ್ಗೆ ಆಕೆ ಬೇಕೆಂದೇ ಹಿಟ್ಟು ಉದುರಿಸಿದಳು. ನೀನು ಸುಳ್ಳುಗಾರ, ಎಂದು ಬರೆದಳು. ಇನ್ನೊಂದು ದಿನ: ನಾನು ಬೈದಾಗ ಯಾಕೆ ನಗುತ್ತಿದ್ದೆ. ಮತ್ತೊಂದು ದಿನ ಬರಿಯ ಒಂದು ಗೀಟು ಎಳೆದು ಅತ್ತಳು. ಅಲ್ಲಿ ಇಸ್ತ್ರಿ ಬೇಕಿರಲಿಲ್ಲ, ಓದಲು ಬ್ರದರ್ ಡೌನ್ಸ್ ಇರಲಿಲ್ಲ. ನೆನಪಿಟ್ಟುಕೊಳ್ಳಿರಿ, ತಪ್ಪು ಮಾಡಿದ ಹೆಂಗಸೊಬ್ಬಳನ್ನು ಕೊಲ್ಲಲು ಕಲ್ಲು ಹಿಡಿದವರ ನಡುವೆ ನಮ್ಮ ಕರ್ತನೂ ಒಮ್ಮೆ ಬಾಗಿ ಬೆರಳಿನಿಂದ ನೆಲದ ಮೇಲೆ ಬರೆದನು. ಏನು ಬರೆದನೆಂದು ಯಾರೂ ಬರೆದಿಡಲಿಲ್ಲ. ಓದುವವರಿಲ್ಲದ ಬರಹವನ್ನು ಆತನು ಬಲ್ಲನು.

ಆಗಸ್ಟ್ ಹತ್ತಿರವಾಯಿತು. ಬನ್ನುಗಳನ್ನು ಯಾರು ಸುಡಬೇಕೆಂದು ಪಾಸ್ಟರ್ ಇನ್ನೂ ತೀರ್ಮಾನಿಸಿರಲಿಲ್ಲ. ಆಕೆಯ ಉತ್ತರಕ್ಕೇ ಕಾಯುತ್ತಿದ್ದರು. ಆ ವಾರದ ಒಂದು ಮುಂಜಾನೆ ವರ್ಡೆಲ್‌ಳ ಬೆರಳು ಬಹಳ ಹೊತ್ತು ಹಿಟ್ಟಿನ ಮೇಲೆ ತೂಗಾಡಿತು. ಗಂಡನನ್ನು ಬೈದು ಮುಗಿದಿತ್ತು. ಕೆಳಗೆ ಇನ್ನೊಂದು ಮಾತು ಕುಳಿತಿತ್ತು. ಇಷ್ಟು ದಿನದ ಬೈಗುಳವೆಲ್ಲ ಅದರ ಮೇಲೆ ಹೊದಿಸಿದ ಕಂಬಳಿ. ಕೊನೆಗೆ ಬರೆದಳು:

ಎರಡು ಹೆಚ್ಚಾಗಿ ಮಾಡುತ್ತಿದ್ದವಳು ನಾನೇ.

ಹೌದು. ಅವನು ಕದಿಯುತ್ತಾನೆಂದು ಗೊತ್ತಿದ್ದೇ ಪ್ರತಿದಿನ ಎರಡು ಬನ್ನು ಹೆಚ್ಚಿಗೆ ಸುಟ್ಟು, ತಟ್ಟೆಯ ಅಂಚಿಗೇ ಇಟ್ಟು, ಬೆನ್ನು ತಿರುಗಿಸಿ, ಆಮೇಲೆ ಬೀದಿಗೆ ಕೇಳುವಂತೆ ಬೈಯುತ್ತಿದ್ದಳು. ಇಲ್ಲವೆನ್ನಲು ಆಕೆಯ ಪ್ರೀತಿಗೆ ಬರುತ್ತಿರಲಿಲ್ಲ. ಅದಕ್ಕೇ ಕ್ರಿಸ್ಮಸ್ಸಿನ ಬನ್ನನ್ನು ಆಕೆಗೆ ಬಾಯಿಗಿಡಲಾಗದೆ ಹೋದದ್ದು.

ಆ ಹಿಟ್ಟನ್ನು ಆಕೆ ಕೂಡಲೇ ನಾದಲಿಲ್ಲ. ಮಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ನಿಂತಲ್ಲೇ, ಬಾಯಿಪಾಠವಲ್ಲದ ಪ್ರಾರ್ಥನೆ ಮಾಡಿದಳು. ಏನೆಂದು ನಾನು ಕೇಳಿಲ್ಲ. ಮಧ್ಯಾಹ್ನ ಪಾಸ್ಟರಿಗೆ ಹೇಳಿಕಳಿಸಿದಳು: ಬನ್ನು ನಾನೇ ಸುಡುತ್ತೇನೆ.

ಪ್ರೇಮಭೋಜನದ ದಿನ ಸಭಾಮಂದಿರ ತುಂಬಿತ್ತು. ತಮ್ಮ ಬದುಕಿನಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಹೇಳಬಹುದೆಂದು ಪಾಸ್ಟರ್ ತಿಳಿಸಿದಾಗ ವರ್ಡೆಲ್ ಬನ್ನನ್ನು ಕೈಯಲ್ಲಿ ಹಿಡಿದೇ ಎದ್ದಳು. ಮಾತು ಸಭೆಗೆ ಆರಂಭವಾದರೂ ಕಣ್ಣು ಬ್ರದರ್ ಡೌನ್ಸರ ಮೇಲಿತ್ತು.

"ಆಲ್ಡ್ರಿಕ್ ಮಿತವಾಗಿದ್ದ ಅಂತ ನಾನು ಬರೆಸಿದ್ದು ಸುಳ್ಳು. ಅದು ನಿಮಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ದೇ ಇರೋದು ಇದು. ಅವನು ಕದೀತಿದ್ದ ಬನ್ನನ್ನ ನಾನೇ ಅವನಿಗೋಸ್ಕರ ಹೆಚ್ಚಿಗೆ ಮಾಡಿಡ್ತಿದ್ದೆ. ಬೈಯ್ಯೋದು ನಿಮಗೆ ಕೇಳ್ಸಕ್ಕೆ. ಇಡೋದು ಅವನಿಗೆ."

ಆಗ ಬ್ರದರ್ ಡೌನ್ಸ್ ಕೋಲೂರಿ ಎದ್ದರು. ಕನ್ನಡಕ ತೆಗೆದರು.

"ಮಿಸ್ ವರ್ಡೆಲ್, ಅವನು ಕೆಲಸ ಮುಗಿಸ್ಕೊಂಡು ನಮ್ಮನೆಗೆ ಬರ್ತಿದ್ದ. ವರ್ಡೆಲ್ ಒಪ್ಪಿದಾಳೆ ಅಂತ ಹೇಳಿ ಕಾಫಿಗೆ ಸಕ್ಕರೆ ಸುರಿಸ್ಕೊಳ್ತಿದ್ದ. ನೀವು ಒಪ್ಪಿರಲ್ಲ ಅಂತ ನಂಗೊತ್ತಿತ್ತು. ಸುರಿದೆ. ಆಮೇಲೆ ಇದೇ ಕೈಲಿ ಮಿತ ಅಂತ ಬರೆದೆ."

"ನನ್ನ ಮರಗೆಣಸಿನ ಕೇಕಿಗೆ ಹಿಂದಿನ ಬಾಗಿಲಿಂದ ಬರ್ತಿದ್ದ," ಎಂದಳು ಎರ್ಲಿನ್, ಕುಳಿತಲ್ಲಿಂದಲೇ. "ಮುಂದಿನ ಬಾಗಿಲು ನಿನಗೆ ಕಾಣ್ಸತ್ತೆ ಅಂತ, ಮಗಳೇ. ನಾನೇ ಅಗುಳಿ ತೆಗೆದಿಡ್ತಿದ್ದೆ."

ಯಾರೋ ಮೊದಲು ನಕ್ಕರು. ಆಮೇಲೆ ಮಂದಿರವೆಲ್ಲ ನಕ್ಕಿತು, ಮತ್ತು ಆ ನಗುವಿನೊಳಗೇ ಅಳು ಬೆರೆಯಿತು. ತನ್ನೊಬ್ಬಳ ಎದೆಯ ಮೇಲೆಯೇ ಇದೆಯೆಂದು ವರ್ಡೆಲ್ ಹೊತ್ತಿದ್ದ ಹೊರೆಗೆ ಊರೇ ಹೆಗಲು ಕೊಟ್ಟಿತ್ತು. ಆ ನಗು ತಣಿಯುವವರೆಗೆ ಕಾದು ಆಕೆ ಒಂದೇ ಒಂದು ಕೋರಿಕೆ ಸಲ್ಲಿಸಿದಳು: ಮಂದಿರದ ಕಪಾಟಿನಲ್ಲಿರುವ ಆಲ್ಡ್ರಿಕ್‌ನ ವೃತ್ತಾಂತದಲ್ಲಿ 'ಮಿತ' ಎಂಬುದನ್ನು ಹೊಡೆದುಹಾಕಿ, 'ಅವನಿಗೆ ಹೆಂಡತಿಯ ಕೈಯ ಬನ್ನು ಬಹಳ ಇಷ್ಟವಾಗಿತ್ತು' ಎಂದು ಸೇರಿಸಬೇಕು. ಬ್ರದರ್ ಡೌನ್ಸ್ ಒಪ್ಪಿದರು.

ಆಮೇಲೆ ಆಕೆ ಕುಳಿತು ಬನ್ನನ್ನು ಮುರಿದಳು. ತಿಂದಳು. ಸ್ವಲ್ಪ ಸಿಹಿ ಜಾಸ್ತಿಯಾಗಿದೆ ಎಂದು ಪಕ್ಕದಲ್ಲಿದ್ದ ಜುರೆನ್‌ಳ ಕಿವಿಯಲ್ಲಿ ಹೇಳಿದಳಂತೆ.

ಈಗಲೂ ವರ್ಡೆಲ್ ದಿನಾ ಬೆಳಗ್ಗೆ ಆ ಮಣೆಯ ಮೇಲೆ ಬರೆಯುತ್ತಾಳೆ. ಕೆಲವೊಮ್ಮೆ ಒಂದು ಹೆಸರು, ಕೆಲವೊಮ್ಮೆ ಒಂದು ಗೀಟು. ಚೆಂದದ ರಟ್ಟಿನ ಡೈರಿಯಲ್ಲಿ ಸೌದೆಯವನು ಬರುವ ದಿನಗಳನ್ನು ಗುರುತು ಹಾಕಿಕೊಂಡಿದ್ದಾಳೆ.

ಆದ್ದರಿಂದ, ಪ್ರಿಯರೇ, ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಎಲ್ಲರೂ ಸಭೆಯ ಮುಂದೆ ಎದ್ದು ನಿಲ್ಲಬೇಕಾಗಿಲ್ಲ. ಆದರೆ ನಿಮ್ಮ ಮಾತು ಭಾನುವಾರದ ಉಡುಪು ಕಳಚಿ ಬರಿಗಾಲಲ್ಲಿ ನಿಲ್ಲಬಹುದಾದ ಒಂದು ಜಾಗವನ್ನು ಹುಡುಕಿಕೊಳ್ಳಿರಿ: ಪುಸ್ತಕವೋ, ಸ್ಲೇಟೋ, ಅಂಗಳದ ಮರಳೋ. ಒಂದು ಒಗ್ಗದಿದ್ದರೆ ನಾಚದೆ ಇನ್ನೊಂದನ್ನು ಹಿಡಿಯಿರಿ. ನಾಳೆ ಬೆಳಗಾಗುವಾಗ, ಒಲೆ ಹಚ್ಚುವ ಮೊದಲು, ನಿಜವಾದ ಒಂದೇ ಒಂದು ಮಾತನ್ನು ಅಲ್ಲಿ ಬರೆಯಿರಿ.