ಗೇರ್‌ಬಾಕ್ಸಿಗೂ ಗಿಟಾರಿಗೂ ಒಂದೇ ಕಿವಿ

ಪೀಣ್ಯದಲ್ಲಿ ಗೇರ್‌ಬಾಕ್ಸ್ ತಯಾರಿಸುವ ಕಾರ್ಖಾನೆಗಳು ಹಲವು. ಅವುಗಳ ಸದ್ದನ್ನು ಅಳೆಯುವ ಮೀಟರುಗಳೂ ಈಗ ಎಲ್ಲೆಡೆ ಬಂದಿವೆ. ಆದರೆ ಓಡುತ್ತಿರುವ ಗೇರ್‌ಬಾಕ್ಸಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ನರಳುತ್ತಿರುವುದು ಗೇರಿನ ಹಲ್ಲೋ ಬೇರಿಂಗೋ ಎಂದು ಹೇಳಬಲ್ಲವರು ಬೆರಳೆಣಿಕೆಯಷ್ಟು. ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಟೆಸ್ಟ್ ರೂಮಿನ ಶ್ರೀ ಈಶಪ್ಪ ಹೂಗಾರ ಅವರು ಅಂಥವರಲ್ಲಿ ಹಿರಿಯರು. ಅವರ ಮನೆಯ ತುಂಬ ರಾಕ್ ಸಂಗೀತದ ರೆಕಾರ್ಡುಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಆ ಹುಚ್ಚು ಹುಟ್ಟಿದ್ದು ಈ ಕೆಲಸದಿಂದಲೇ ಎಂಬುದು ಕೆಲವರಿಗಷ್ಟೇ ಗೊತ್ತು.

ಮುಂಡರಗಿ ಕಡೆಯಿಂದ ಬಂದ ಇಪ್ಪತ್ತೆರಡರ ಈಶಪ್ಪನವರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜೊತೆಗಾರ ಕೃಷ್ಣ ಅವರು ಒಂದು ಭಾನುವಾರ ಅವರನ್ನು ಜಾಲಹಳ್ಳಿಯ ತಮ್ಮ ಮನೆಗೆ ಊಟಕ್ಕೆ ಕರೆದರು. ಕೃಷ್ಣ ಅವರ ತಂದೆ ಸರ್ಕಾರಿ ಕಾರ್ಖಾನೆಯ ನೌಕರರು. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು. ಊಟವಾದ ಮೇಲೆ ಯಾವುದೋ ಇಂಗ್ಲಿಷ್ ತಂಡದ ರೆಕಾರ್ಡ್ ತಿರುಗತೊಡಗಿತು. ಈಶಪ್ಪನವರು ಎರಡು ನಿಮಿಷ ಕೇಳಿ, ಪ್ಲೇಯರಿನ ಹತ್ತಿರ ಬಗ್ಗಿ ನೋಡಿದರು.

"ಕೃಷ್ಣಾ, ಇದರ ಬೇರಿಂಗ ಹೋಗೇತಿ ನೋಡ."

"ಅಯ್ಯೋ ಗುರು, ಅದು ಗಿಟಾರ್ ಕಣೋ. ಬೇಕೂಂತ್ಲೇ ಹಂಗೆ ಬಾರಿಸೋದು."

ಇಡೀ ವಾರ ಯಂತ್ರಗಳ ಗರಗರ ಸದ್ದನ್ನು ಹುಡುಕಿ ಹೊರಹಾಕುವುದೇ ಕೆಲಸವಾಗಿದ್ದವರಿಗೆ, ಅದೇ ಸದ್ದನ್ನು ಯಾರಾದರೂ ಬೇಕೆಂದೇ ಮಾಡುವರೆಂಬುದು ನಂಬಲಾಗದ ಮಾತಾಗಿತ್ತು. ಮತ್ತೊಮ್ಮೆ ಹಾಕಿಸಿ ಕೇಳಿದರು. ಗರಗರದ ಕೆಳಗೆ ದಪ್ಪ ತಂತಿಯ ಇನ್ನೊಂದು ಗಿಟಾರು ನಡೆಯುತ್ತಿರುವುದು ಆಗ ಕಿವಿಗೆ ಬಿತ್ತು. ಮೂರನೆಯ ಸಲಕ್ಕೆ ಡ್ರಮ್ ಬೇರೆಯಾಯಿತು. ಸಂಜೆಯ ಹೊತ್ತಿಗೆ ಐದು ಸಲ ಕೇಳಿದ್ದರು. ಕೃಷ್ಣ ಅವರ ತಾಯಿ ಎರಡನೆಯ ಸಲ ಕಾಫಿ ಕೊಟ್ಟು, "ರಾತ್ರಿಗೂ ಇಲ್ಲೇ ಊಟ ಮಾಡಪ್ಪ, ಇನ್ನೇನು" ಎಂದು ನಕ್ಕರಂತೆ.

ಅಲ್ಲಿಂದ ಮುಂದೆ ಚಿಕ್ಕಪೇಟೆಯ ಸಂಡೆ ಬಜಾರು ಅವರ ತೀರ್ಥಕ್ಷೇತ್ರವಾಯಿತು. ಕ್ಯಾಸೆಟ್ಟಿನ ಭರಾಟೆ ಹೆಚ್ಚಿದಾಗ, ಆಮೇಲೆ ಸೀಡಿ ಬಂದಾಗ, ಜನ ರೆಕಾರ್ಡುಗಳನ್ನು ಗುಜರಿಗೆ ಹಾಕಿದಂತೆಲ್ಲ ಇವರು ಮನೆಗೆ ತಂದರು. ಕಾರ್ಖಾನೆ ಬೇಡವೆಂದ ಕಬ್ಬಿಣದ ರ್‍ಯಾಕುಗಳನ್ನು ಕೇಳಿ ಪಡೆದು ಜೋಡಿಸಿದರು. ಶ್ರೀಮತಿ ಶಿವಲಿಂಗಮ್ಮನವರು ಸಹನೆಯ ಮೂರ್ತಿ ಎಂದು ಬರೆಯುವುದು ರೂಢಿ. ನಿಜ ಹೇಳಬೇಕೆಂದರೆ ಅವರು ಜಗಳವಾಡಿ ಅಡುಗೆಮನೆಯನ್ನು ಉಳಿಸಿಕೊಂಡರು, ಉಳಿದ ಎರಡು ಕೋಣೆಗಳನ್ನು ಬಿಟ್ಟುಕೊಟ್ಟರು.

ಟೆಸ್ಟ್ ರೂಮಿಗೆ ಹೊಸಬರು ಬಂದರೆ ಈಶಪ್ಪನವರು ಮೊದಲು ಗೇರ್‌ಬಾಕ್ಸ್ ಮುಟ್ಟಿಸುತ್ತಿರಲಿಲ್ಲ. ತಮ್ಮ ಹೆಡ್‌ಫೋನನ್ನು ಅವರ ತಲೆಗೆ ತೊಡಿಸಿ ಒಂದು ರಾಕ್ ಹಾಡು ಕೇಳಿಸುತ್ತಿದ್ದರು. ಎಷ್ಟು ಮಂದಿ ನುಡಿಸುತ್ತಿದ್ದಾರೆಂದು ಹೇಳಬೇಕು. ಒಂದರೊಳಗೊಂದು ಬೆರೆತ ಸದ್ದನ್ನು ಬಿಡಿಸಬಲ್ಲವರೇ ಬೇರಿಂಗನ್ನೂ ಕೇಳಬಲ್ಲರು ಎಂಬುದು ಅವರ ಪಾಠ. ನಾಲ್ಕು ವರ್ಷಗಳ ಹಿಂದೆ ಹೆಲ್ಪರ್ ಆಗಿ ಸೇರಿದ ಶಹಾಪುರ ಕಡೆಯ ನೀಲಾಂಬಿಕಾ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಊಟದ ಹೊತ್ತಿನಲ್ಲೂ ಯಾರೊಡನೆಯೂ ಮಾತಾಡದವಳು. ಅವಳಿಗೆ ಅವರು ಪಾಠವನ್ನೇ ಬದಲಿಸಿದರು. "ಮಾತಾಡೂದು ಬ್ಯಾಡವ್ವಾ. ಬೆರಳ ಎತ್ತಿ ತೋರ್ಸಿದ್ರ ಸಾಕು."

ಅವಳು ಐದು ಬೆರಳು ಎತ್ತಿದಳು.

"ನಾಕ ಮಂದಿ ಅದಾರ. ಸರಿಯಾಗಿ ಕೇಳು" ಎಂದರು. ಅವಳು ಮತ್ತೆ ಕೇಳಿ, ಅವರ ಮುಖ ನೋಡಿ, ಕಿರುಬೆರಳನ್ನು ಮೆಲ್ಲಗೆ ಮಡಚಿದಳು. ಅವರು ಮೆಚ್ಚಿ ತಲೆದೂಗಿದರು.

ಆ ದಿನಗಳಲ್ಲೇ ಅವರಿಗೆ ರೆಕಾರ್ಡುಗಳ ಮೇಲೆ ಅಸಮಾಧಾನ ಶುರುವಾಗಿತ್ತು. ಕೇಳಿ ಕೇಳಿ ಸವೆದು, ಮೇಲಿನ ಹೊಳಪೆಲ್ಲ ಹೋಗಿದೆ ಎನಿಸುತ್ತಿತ್ತು. ಮೂರು ಸಲ ಪ್ಲೇಯರಿನ ಮುಳ್ಳು ಬದಲಿಸಿದರು. ಕೊನೆಗೆ ಕಾರ್ಖಾನೆಯ ಕ್ರಮದಂತೆಯೇ, ಕೆಟ್ಟವೆಂದು ಕಂಡ ರೆಕಾರ್ಡುಗಳಿಗೆ 'ಸವೆದಿದೆ' ಎಂದು ಕೆಂಪು ಚೀಟಿ ಹಚ್ಚಿ ಕೆಳಗಿನ ರ್‍ಯಾಕಿಗೆ ಇಳಿಸಿದರು. ಇನ್ನೂರು ದಾಟಿದವು. ನಲವತ್ತರಷ್ಟನ್ನು ಯಾರ್‍ಯಾರಿಗೋ ಕೊಟ್ಟೂಬಿಟ್ಟರು.

ಹೋದ ವರ್ಷ ಮಾರ್ಚಿನಲ್ಲಿ ಸಕ್ಕರೆ ಕಾರ್ಖಾನೆಯೊಂದಕ್ಕೆ ಇಪ್ಪತ್ತನಾಲ್ಕು ಗೇರ್‌ಬಾಕ್ಸುಗಳು ಹೊರಡಬೇಕಿತ್ತು. ಈಶಪ್ಪನವರು ಒಂದೊಂದನ್ನೂ ಕೇಳಿ ಹಸಿರು ಬಣ್ಣದ ಗುರುತು ಹಾಕುತ್ತಿದ್ದರು. ಆ ಗುರುತು ಬಿದ್ದರೆ ಮತ್ತೆ ಯಾರೂ ನೋಡುತ್ತಿರಲಿಲ್ಲ. ಏಳನೆಯದಕ್ಕೂ ಗುರುತು ಬಿತ್ತು. ಟ್ರಾಲಿ ತಳ್ಳಬೇಕಿದ್ದ ನೀಲಾಂಬಿಕಾ ತಳ್ಳಲಿಲ್ಲ.

"ಯಾಕವ್ವಾ, ನಿಂತಿ?"

ಅವಳು ನೆಲ ನೋಡುತ್ತಲೇ ಹೇಳಿದಳು: "ಸರ್... ಮ್ಯಾಲ ಒಂದು ಸಣ್ಣ ಸಿಳ್ಳಿ ಐತ್ರಿ."

ಅವರು ಮತ್ತೆ ಓಡಿಸಿ ಕೇಳಿದರು. ಏನೂ ಇಲ್ಲ. ಅಸೆಂಬ್ಲಿಯ ಈರಪ್ಪ, "ಬಂತಪ್ಪ, ಈಶಪ್ಪನೋರಿಗೇ ಪಾಠ ಹೇಳೋ ಮೇಡಂ ಬಂದ್ರು" ಎಂದು ಚುಡಾಯಿಸಿದ. ಹುಡುಗಿಯ ಕಣ್ಣು ತುಂಬಿತು. ಆದರೂ ಟ್ರಾಲಿಯ ಹಿಡಿ ಬಿಡಲಿಲ್ಲ. ಈಶಪ್ಪನವರು ಅವಳನ್ನು ನೋಡಿ, "ಬಿಚ್ಚು ಈರಪ್ಪಾ" ಎಂದರು. ಬಿಚ್ಚಿದಾಗ ಬೇರಿಂಗಿನ ಒಳಬಳೆಯ ಮೇಲೆ ಕೂದಲೆಳೆಯಷ್ಟು ಗೀರು ಕಂಡಿತು.

ಅಂದು ಮಡಚಿಸಿದ ಕಿರುಬೆರಳು ಅವರಿಗೆ ಆಗ ನೆನಪಾಯಿತು; ಅವಳು ಎತ್ತಿದ್ದ ಐದು ಬೆರಳೇ ಸರಿಯಿದ್ದಿರಬೇಕು ಅನಿಸಿತು. ಮನೆಗೆ ಹೋಗಿ ಶಿವಲಿಂಗಮ್ಮನವರಿಗೆ ಹೇಳಿದರೆ, "ಕುಕ್ಕರಿನ ಸಿಳ್ಳಿ ನಿಮಗ ಕೇಳ್ಸವಲ್ದು ಅಂತ ಎರಡ ವರ್ಷದಿಂದ ಬಡ್ಕೋತೀನಿ. ಹಾಡು ಹಚ್ಚೇನಿ, ಅದಕ್ಕ ಅಂತಿದ್ರಿ" ಎಂದರು. ಕಿವಿಯ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು: ಕೆಳಗಿನ ಸದ್ದೆಲ್ಲ ಗಟ್ಟಿ, ಮೇಲಿನದು ಇಲ್ಲ. ಸವೆದದ್ದು ರೆಕಾರ್ಡುಗಳಲ್ಲ.

ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಗೌರವದಿಂದ ದಿನ ಕಳೆಯಬಹುದಿತ್ತು. ಬಾಯಿ ಬಿಟ್ಟರೆ, ಹಿಂದೆ ಹಾಕಿದ ಗುರುತುಗಳೆಲ್ಲ ಅನುಮಾನಕ್ಕೆ ಬೀಳುತ್ತಿದ್ದವು. ಅವರ ಹೆಸರೆಂದರೆ ಆ ಗುರುತೇ ಆಗಿತ್ತು. ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲವೆಂದು ಶಿವಲಿಂಗಮ್ಮನವರು ಹೇಳುತ್ತಾರೆ. ಮೂರನೆಯ ದಿನ ಡಾಕ್ಟರ ಕಾಗದ ಹಿಡಿದು ಮ್ಯಾನೇಜರ್ ರುದ್ರೇಶ್ ಅವರ ಮುಂದೆ ನಿಂತರು.

"ಸುಮ್ನಿರಿ ಈಶಪ್ಪ, ಇನ್ನೊಂದ್ ವರ್ಷ ತಾನೆ. ಮೀಟರ್ ಇದ್ಯಲ್ಲ" ಎಂದರು ರುದ್ರೇಶ್.

"ಎಷ್ಟ ಸದ್ದು ಅಂತ ಮೀಟರ್ ಹೇಳ್ತದ್ರಿ. ಯಾವ ಸದ್ದು ಅಂತ ಹೇಳಂಗಿಲ್ಲ. ನಾ ಗುರುತ ಹಾಕಿದ್ದು ಗೋಡೌನ್ಯಾಗ ಅರವತ್ತೊಂದು ಅದಾವ. ಎಲ್ಲಾ ಆ ಹುಡುಗಿ ಕೇಳ್ಲಿ."

ಐದು ದಿನ ಆ ಅರವತ್ತೊಂದನ್ನೂ ಮತ್ತೆ ಓಡಿಸಿದರು. ತಮ್ಮದೇ ಹಸಿರು ಗುರುತನ್ನು ಥಿನ್ನರ್ ಬಟ್ಟೆಯಿಂದ ಒರೆಸುವ ಕೆಲಸವನ್ನು ಈಶಪ್ಪನವರು ಬೇರೆ ಯಾರಿಗೂ ಕೊಡಲಿಲ್ಲ. ನಾಲ್ಕು ತಪ್ಪು ಸಿಕ್ಕವು. ಕಳಿಸಿಬಿಟ್ಟಿದ್ದವುಗಳ ಬಗ್ಗೆ ಗ್ರಾಹಕರಿಗೆ ಫೋನು ಮಾಡಿ ವಿಚಾರಿಸಿದವರೂ ಅವರೇ; ಬೈಸಿಕೊಂಡವರೂ ಅವರೇ. ಐಟಿಐ ಓದದವಳಿಗೆ ಟೆಸ್ಟರ್ ಹುದ್ದೆ ಹೇಗೆ ಕೊಡುವುದೆಂದು ಕಚೇರಿ ಎಳೆದಾಡಿದಾಗ, ಪ್ರತಿ ಸೋಮವಾರ ಹೋಗಿ ಅದೇ ಮಾತು ಕೇಳಿದರು. ಏಳನೆಯ ಸೋಮವಾರ ನೀಲಾಂಬಿಕಾ ಟೆಸ್ಟರ್ ಆದಳು. ಕಾರ್ಖಾನೆಯಲ್ಲಿ ಅವರ ಗೌರವ ಕುಂದೀತೆಂದು ಅಂಜಿದ್ದ ನಾವು, ಈಗ ಈರಪ್ಪನೇ ಎದ್ದು ನಿಂತು ಅವರಿಗೆ ಕುರ್ಚಿ ಬಿಡುವುದನ್ನು ನೋಡುತ್ತಿದ್ದೇವೆ.

ಕೆಂಪು ಚೀಟಿಯ ರೆಕಾರ್ಡುಗಳನ್ನೂ ಅವಳೇ ಕೇಳಿದಳು. ನಿಜವಾಗಿ ಸವೆದಿದ್ದವು ಒಂಬತ್ತು. ಮಿಕ್ಕವು ಮೇಲಿನ ರ್‍ಯಾಕಿಗೆ ಮರಳಿವೆ. ಭಾನುವಾರ ಮಧ್ಯಾಹ್ನ ಒಂದು ರೆಕಾರ್ಡು ಹಾಕಿ ಈಶಪ್ಪನವರು ಕಣ್ಣು ಮುಚ್ಚಿ ಕೂರುತ್ತಾರೆ. ಅವರಿಗೆ ಕೇಳದ ಜಾಗ ಬಂದಾಗ, ಎದುರು ಕುಳಿತ ನೀಲಾಂಬಿಕಾ ಹೇಳುತ್ತಾಳೆ: "ಈಗ ಡ್ರಮ್ಮಿನ ಬಾಜೂಕಿನ ತಾಟ ಬಾರ್ಸಾಕತ್ತಾರ್ರಿ. ಎಳ್ಳು ಹುರಿದಂಗ, ಚಟಚಟ ಅಂತ."

"ಹಾಂ," ಎನ್ನುತ್ತಾರೆ ಅವರು, ಕಣ್ಣು ತೆರೆಯದೆ, "ನೆನಪಾತು."

ಮಾತೇ ಆಡದಿದ್ದವಳು ಹೀಗೆ ಒಂದು ರೆಕಾರ್ಡಿನ ಎರಡೂ ಬದಿ ಮುಗಿಯುವವರೆಗೆ ಮಾತಾಡುತ್ತಾಳೆ. ಅವರ ಸಂಗ್ರಹದಲ್ಲಿ ಈಗ ಸಾವಿರದ ಮುನ್ನೂರು ರೆಕಾರ್ಡುಗಳಿವೆ. ಭಾನುವಾರಕ್ಕೊಂದರಂತೆ ಕೇಳಿ ಮುಗಿಸಲು ಇಪ್ಪತ್ತೈದು ವರ್ಷ ಬೇಕು. ಅಷ್ಟು ಭಾನುವಾರಗಳೂ ಅವರಿಗೆ ಆರೋಗ್ಯದಿಂದ ಕೂಡಿ ಬರಲಿ. ನಡುವೆ ಸಂಡೆ ಬಜಾರಿಗೆ ಹೋಗಿ ಇನ್ನಷ್ಟು ತಂದು, ಆ ಎಣಿಕೆಯನ್ನು ಅವರು ಮುಂದಕ್ಕೆ ದೂಡುತ್ತಲೇ ಇರಲಿ.