ಪೂಜೆಯಾದ ಕೋವಿ

ಆಗ ನನಗೆ ಹತ್ತು ವರ್ಷ. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಮೈಸೂರಲ್ಲಿ ಮಹಾರಾಜರಿದ್ದರು, ನಮ್ಮೂರಲ್ಲಿ ಪಟೇಲ ಗೌಡರಿದ್ದರು. ಆ ಕಾಲ ಚೆನ್ನಾಗಿತ್ತು ಅನ್ನುವವರು ಅನ್ನಲಿ. ನಾನು ಅನ್ನುವುದಿಲ್ಲ.

ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಅಪ್ಪ ಕಮ್ಮಾರ. ಮನೆ ಮುಂದೆಯೇ ಕುಲುಮೆ. ನನ್ನ ಆಟವೆಲ್ಲ ಅಲ್ಲೇ. ಕೆಂಡದ ಅಂಚಿನಲ್ಲಿ ಗೆಣಸು ಹೂತು ಸುಟ್ಟು ತಿನ್ನುತ್ತಿದ್ದೆ, ಮುರಿದ ಲಾಳ ಎಸೆದು ಕುಂಟಾಬಿಲ್ಲೆ ಆಡುತ್ತಿದ್ದೆ. ಮೈಯೆಲ್ಲ ಇದ್ದಿಲ ವಾಸನೆ. ಅಪ್ಪ ಮಾಡುತ್ತಿದ್ದದ್ದು ನೇಗಿಲ ಕುಳ, ಕುಡುಗೋಲು, ಗಾಡಿ ಚಕ್ರದ ಪಟ್ಟಿ. ಇದಕ್ಕೆಲ್ಲ ಕೂಲಿಯೆಂದರೆ ಸುಗ್ಗಿಯಲ್ಲಿ ಕಣದಿಂದ ಬರುವ ರಾಗಿ. ಅದನ್ನು ಅಳೆದು ಕೊಡಿ ಎಂದು ಗೌಡರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಕಾಡುಹಂದಿಗಳು ಗೌಡರ ಕಡಲೆಕಾಯಿ ಹೊಲವನ್ನು ಉತ್ತು ಹಾಕಿದವು. ಒಂದು ಕೋವಿ ಮಾಡಿಕೊಡು ಎಂದು ಅವರು ಅಪ್ಪನಿಗೆ ಹೇಳಿದರು. ಬಾಯಿಂದ ಮದ್ದು ತುಂಬಿ ಗಿಡಿಯುವ ಕೋವಿ. ನಮ್ಮ ತಾತನ ಕಾಲದಿಂದ ಮನೆಯಲ್ಲಿದ್ದ ಕೆಲಸ ಅದು. ಅಪ್ಪ ಕಬ್ಬಿಣದ ಪಟ್ಟಿಯನ್ನು ಸರಳಿಗೆ ಸುತ್ತಿ, ಕಾಸಿ, ಬಡಿದು, ಬೆಸೆದು ನಳಿಗೆ ಮಾಡಿದ. ಕೆಂಡಕ್ಕೆ ಗಾಳಿಯೂದುವ ತಿದಿ ಒತ್ತಿದ್ದು ನಾನು ಮತ್ತು ಅವ್ವ.

“ಹೊಸ ಕೋವಿನ ನಂಬಬಾರ್ದು ಕಣಮ್ಮ” ಅಂದ ಅಪ್ಪ ನನಗೆ. “ಕಟ್ಟಾಕಿ ನೋಡ್ಬೇಕು.”

ಅವನು ನೋಡುತ್ತಿದ್ದದ್ದು ಹೀಗೆ. ಕೆರೆಯ ಹಿಂದೆ ಹುಣಸೆ ದಿಮ್ಮಿಗೆ ಕೋವಿಯನ್ನು ಹಗ್ಗದಲ್ಲಿ ಬಿಗಿದು, ಎರಡು ಪಟ್ಟು ಮದ್ದು ತುಂಬಿ, ಎಲ್ಲರನ್ನೂ ಬಂಡೆಯ ಮರೆಗೆ ಕೂರಿಸಿ, ಉದ್ದನೆಯ ಹುರಿ ಎಳೆದು ಹಾರಿಸುವುದು. ಆಮೇಲೆ ನಳಿಗೆ ತೊಳೆದು, ಬುಡದ ತೂತಿಗೆ ಮೇಣ ಮೆತ್ತಿ, ನೀರು ತುಂಬಿ, ಹೊರಗೆಲ್ಲ ಒಣ ಬೂದಿ ಸವರುವುದು. ಬೆಸುಗೆ ಎಲ್ಲಾದರೂ ಬಿಟ್ಟಿದ್ದರೆ ಅಲ್ಲಿ ನೀರು ಜಿನುಗಿ ಬೂದಿ ಗೆರೆಯಾಗಿ ಕಪ್ಪಾಗುತ್ತದೆ. ಬೂದಿ ಒಣಗಿಯೇ ಇದ್ದರೆ ಮಾತ್ರ ಕೋವಿ ಹೆಗಲಿಗೆ.

ಅವತ್ತು ಗೌಡರು, ಅವರ ಅವ್ವ, ಆಳು ಎಲ್ಲರೂ ನೋಡಲು ಬಂದಿದ್ದರು. ಅಪ್ಪ ಹುರಿ ಎಳೆದ. ಬೆಟ್ಟವೆಲ್ಲ ಮಾರ್ದನಿಗೊಟ್ಟಿತು. ಹೊಗೆ ಕೊಳೆತ ಮೊಟ್ಟೆಯಂತೆ ನಾರಿತು. ಕೋವಿ ನೆಟ್ಟಗೇ ಇತ್ತು. ನಾವೆಲ್ಲ ಕುಣಿದೆವು. ಅಪ್ಪ ಹಗ್ಗ ಬಿಚ್ಚಿಟ್ಟು ನೀರು ತರಲು ಕೆರೆಗೆ ಇಳಿದ.

ಅಷ್ಟರಲ್ಲಿ ಗೌಡರು, “ರಾವುಕಾಲ ಬತ್ತದೆ, ಪೂಜೆ ಮುಗುಸ್ಬುಡಾನ” ಅಂದರು. ಗೌಡರ ಅವ್ವ ತಟ್ಟೆ ಹಿಡಿದೇ ಬಂದಿದ್ದಳು. ಕೋವಿಗೆ ಹರಳೆಣ್ಣೆ ತಿಕ್ಕಿ, ಕುಂಕುಮ ಇಟ್ಟು, ಕಾಯಿ ಒಡೆದು, ನಮ್ಮ ಕೈಗೆಲ್ಲ ಪುರಿ ಬೆಲ್ಲ ಹಾಕಿದಳು. ಅಪ್ಪ ಕೊಡ ಹೊತ್ತು ಬಂದು ನೋಡಿ ನಿಂತುಬಿಟ್ಟ.

“ಎಣ್ಣೆ ಯಾಕ್ ಹಚ್ಚುದ್ರಿ ಬುದ್ದಿ? ಈಗ ಬೂದಿ ಎಲ್ಲಾ ಕಡೆ ಕಪ್ಪಾಯ್ತದೆ. ಬಿರುಕು ಹೆಂಗ್ ಕಾಣ್ಬೇಕು?”

“ಹುಟ್ಟಿದ್ ಮಗೀಗೂ ಮೊದ್ಲು ಎಣ್ಣೆ ತಾನೆ ಆಚಾರಿ?” ಅಂದಳು ಗೌಡರ ಅವ್ವ.

“ಹಂಗಾರೆ ಇವತ್ತು ಬ್ಯಾಡ. ಎಣ್ಣೆ ಸುಟ್ಟು, ನಾಳೆ ತಿರ್ಗ ಕಟ್ಟಿ ನೋಡ್ತೀನಿ.”

ಗೌಡರ ಮುಖ ಗಂಟಾಯಿತು. “ಪೂಜೆ ಆದ ಆಯುದ ಕಣ್ಲಾ ಅದು! ಕಳ್ಳನ್ ಕಟ್ದಂಗೆ ಹಗ್ಗ ಬಿಗೀತೀಯಾ? ಇನ್ನೇನಿದ್ರೂ ಹೆಗಲ್ ಮ್ಯಾಲೆ. ಹೊಡಿ.”

“ಮಾಡ್ದೋನೇ ಹೆದ್ರುದ್ರೆ ನಾವ್ ಹೆಂಗ್ ಹಿಡಿಯಾದು ಗೌಡ್ರೆ?” ಅಂದ ಅವರ ಆಳು. ಎಲ್ಲರೂ ನಕ್ಕರು.

“ಬ್ಯಾಡ ಬುಡಿ, ಮನೀಗ್ ಹೋಗಾನ” ಅಂದಳು ನಮ್ಮವ್ವ.

ಅಪ್ಪ ಗೌಡರ ಮುಖ ನೋಡಿದ. ಸುಗ್ಗಿ ಹತ್ತಿರವಿತ್ತು. ಅವ್ವನಿಗೆ, “ಮಗೀನ ಬಂಡೆ ಹಿಂದಕ್ಕೆ ಎಳ್ಕೊ” ಅಂದ.

ಮದ್ದು ಗಿಡಿದು, ಕೋವಿಯನ್ನು ಹೆಗಲಿಗೆ ಕೊಟ್ಟು ಹೊಡೆದ. ಈ ಸಲ ಸದ್ದು ಬೆಟ್ಟಕ್ಕೆ ಹೋಗಲಿಲ್ಲ. ಪಕ್ಕದಲ್ಲೇ ಗಡಿಗೆ ಒಡೆದಂತಾಯಿತು. ನಳಿಗೆ ಬೆಸುಗೆಯ ಉದ್ದಕ್ಕೂ ಸೀಳಿತ್ತು. ಅದನ್ನು ಹಿಡಿದಿದ್ದ ಎಡಗೈಯಲ್ಲಿ ಬೆರಳೇ ಇರಲಿಲ್ಲ.

ಮಧುಗಿರಿ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ತೆಗೆದರು. ಬಲಗೈ ಉಳಿಯಿತಲ್ಲ ಅಂದರು ಊರಿನವರು. ಅವರಿಗೇನು ಗೊತ್ತು? ಸುತ್ತಿಗೆಯನ್ನು ಯಾರು ಬೇಕಾದರೂ ಎತ್ತುತ್ತಾರೆ. ಕಾದ ಕಬ್ಬಿಣವನ್ನು ಯಾವಾಗ, ಎತ್ತ ತಿರುಗಿಸಬೇಕು ಅನ್ನುವುದು ಇಕ್ಕಳ ಹಿಡಿಯುವ ಎಡಗೈಗೆ ಗೊತ್ತು. ಗಳಿಗೆ ಸರಿಯಿರಲಿಲ್ಲ ಅಂದರು ಗೌಡರು. ಎಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ.

ಅಪ್ಪ ಆಮೇಲೂ ಬಹಳ ವರ್ಷ ಇದ್ದ. ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ “ಪಟ್ಟಿ ಸಡ್ಲ ಆಗೈತೆ ಕಣಪ್ಪೋ” ಎಂದು ಕೂಗುತ್ತಿದ್ದ. ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ. ಕಲಿಸಲು ಅವನಿಗೆ ಬಾಯಿತ್ತು, ಕಲಿಯಲು ಯಾರೂ ಬರಲಿಲ್ಲ. ನಳಿಗೆ ಬೆಸೆಯುವುದು, ಬೂದಿ ನೋಡಿ ಹೇಳುವುದು, ಎಲ್ಲ ಅವನ ಜೊತೆಗೇ ಮಣ್ಣಾಯಿತು. ಈಗ ಊರಿನಲ್ಲಿ ಕುಲುಮೆಯೇ ಇಲ್ಲ. ಕುಲುಮೆಯೆಂದರೆ ಏನೆಂದು ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಹೇಳಲು ನನಗೆ ಮನಸ್ಸಾಗುವುದಿಲ್ಲ.

ಕೋವಿ ಸೀಳಿದ ದಿನ, ಅಪ್ಪನನ್ನು ಮಲಗಿಸಿ ಆಸ್ಪತ್ರೆಗೆ ಹೊರಟ ಗಾಡಿಯಿಂದಲೇ ಅವ್ವ ನನಗೆ, “ನಾಳಿಂದ ಗೌಡ್ರ ಕೊಟ್ಟಿಗೆಗೆ ಹೋಗು ಮಗ. ಇನ್ ರಾಗಿ ಬರಾಕಿಲ್ಲ” ಅಂದಳು.

ಮರುದಿನ ಬೆಳಿಗ್ಗೆ ಹೋಗಿ ಸಗಣಿ ಬಾಚಿದೆ. ಗೌಡರ ಅವ್ವ ಬಾಗಿಲಲ್ಲಿ ನಿಂತು, “ಮೂಲೆ ಬುಟ್ಟಿದ್ದೀಯ ಕಣೆ” ಅಂದಳು. ಮೂಲೆಯನ್ನೂ ಬಾಚಿದೆ.